ಊರಿನ ಕಾರ್ ಶೆಡ್ಡು ಬರಿದಾಗಿಯೇ ಇರಬೇಕೆ?

ಗುಜರಾತಿನಲ್ಲಿ ದುಡಿದ ಹಣದಿಂದ ಊರಿನಲ್ಲಿ ಮನೆ ಕಟ್ಟಿಸಿದ ನಮ್ಮವರು ಕಡಿಮೆಯೇನಲ್ಲ. ಕುಂದಾಪುರ, ಉಡುಪಿ, ಕಾರ್ಕಳ, ಬಂಟ್ವಾಳದ ಕಡೆ ಹೋದರೆ ಅಂಥ ಮನೆಗಳನ್ನು ಬೆರಳು ಮಾಡಿ ತೋರಿಸಬಹುದು. ತಾರಸಿಯ ಮನೆ, ಅಂಗಳದಲ್ಲಿ ತುಳಸೀಕಟ್ಟೆ, ಪಕ್ಕಕ್ಕೊಂದು ಕಾರ್ ಶೆಡ್ಡು. ಹಳೆಯ ಮನೆಯಾದರೆ ಶೆಡ್ಡಿನ ಬದಲು ಗಾಡಿ ಕೊಟ್ಟಿಗೆ. ಗಾಡಿ ಹೋಯಿತು, ಎತ್ತು ಹೋಯಿತು, ಈಗ ತೆಂಗಿನ ಸಿಪ್ಪೆಯೂ ಕಾಲು ಮುರಿದ ಕುರ್ಚಿಯೂ ಅದರ ಒಡೆಯರು. ಕಾರ್ ಶೆಡ್ಡಿನ ಗತಿಯೂ ಹೆಚ್ಚು ಬೇರೆಯಲ್ಲ. ಕಾರು ಬರುವುದು ಮೇ ತಿಂಗಳ ರಜೆಗೆ, ಊರಿನ ಕೋಲಕ್ಕೆ, ಇಲ್ಲವೆ ಯಾರದೋ ಮದುವೆಗೆ. ವರ್ಷಕ್ಕೆ ಹದಿನೈದು ದಿನ. ಮಿಕ್ಕ ಮುನ್ನೂರೈವತ್ತು ದಿನ ಅಲ್ಲಿ ನಾಯಿ ಮಲಗುತ್ತದೆ.

ಈ ಜಾಗವನ್ನು ಒಂದು ಸಣ್ಣ ವರ್ಕ್‌ಶಾಪು ಮಾಡಬೇಕೆಂಬುದೇ ನಾನು ಬಂಧುಗಳ ಮುಂದಿಡುವ ಮಾತು. ಅದೂ ಕೆಲಸ ಬಿಟ್ಟು ಊರಿಗೆ ಹೋದ ಮೇಲಲ್ಲ; ಇಲ್ಲಿ ಸಂಬಳ ಬರುತ್ತಿರುವಾಗಲೇ.

ಅವಸರವೇಕೆಂದು ಕೇಳುವವರು ಅಹಮದಾಬಾದಿನ ಕತೆಯನ್ನೇ ನೋಡಲಿ. ರಣಛೋಡಲಾಲ್ ಛೋಟಾಲಾಲರು ಇಲ್ಲಿನ ಮೊದಲ ಬಟ್ಟೆ ಗಿರಣಿಯನ್ನು ಆರಂಭಿಸಿದ್ದು 1861ರಲ್ಲಿ. ನೂರಿಪ್ಪತ್ತು ವರ್ಷಕಾಲ ಈ ನಗರ ಗಿರಣಿಯ ಭೋಂಗಾಕ್ಕೆ ಎದ್ದು ಭೋಂಗಾಕ್ಕೆ ಮಲಗಿತು. 1980ರ ದಶಕದಿಂದ ಗಿರಣಿಗಳು ಒಂದರ ಹಿಂದೊಂದು ಬಾಗಿಲು ಹಾಕಿಕೊಂಡವು. ಡಚ್ ವಿದ್ವಾಂಸ ಯಾನ್ ಬ್ರೆಮನ್ ಈ ಕುಸಿತದ ಮೇಲೆ 2004ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಪುಸ್ತಕ ಓದದಿದ್ದರೂ ಸರಸ್‌ಪುರ, ಗೋಮತೀಪುರದ ಹಳಬರನ್ನು ಕೇಳಿದರೆ ತಿಳಿಯುತ್ತದೆ. ಮಗ್ಗವನ್ನು ಕಿವಿಯಿಂದಲೇ ಪರೀಕ್ಷಿಸಬಲ್ಲ ಕಸಬುದಾರರು ರಿಕ್ಷಾ ತುಳಿದರು, ತಳ್ಳುಗಾಡಿ ನೂಕಿದರು, ಸೊಸೈಟಿಗಳ ಗೇಟಿನಲ್ಲಿ ಕಾವಲು ಕೂತರು. ಅವರ ಕೈಯಲ್ಲಿ ಕಸಬಿತ್ತು. ಅದನ್ನು ಇಟ್ಟುಕೊಳ್ಳಲು ಎರಡು ಗಜ ಜಾಗ, ಒಂದು ವೈಸು, ಒಂದು ಬೆಂಚು ಇರಲಿಲ್ಲ. ಚಾಳಿನ ಒಂದೇ ಕೋಣೆಯಲ್ಲಿ ಅದೆಲ್ಲಿ ಬರಬೇಕು? ನಮ್ಮಲ್ಲಿ ಬಹುಮಂದಿಗೆ ಊರಿನಲ್ಲಿ ಆ ಜಾಗವಿದೆ. ಇದ್ದೂ ಇಲ್ಲದಂತೆ ಇದ್ದೇವೆ.

ಹೋಟೆಲಿನವರಿಗೆ ಇದು ಸಲ್ಲದು, ಗಿರಣಿಯ ಫಿಟ್ಟರುಗಳಿಗೆ ಮಾತ್ರ ಸಲ್ಲುವ ಮಾತು ಎನ್ನಬಹುದು. ನಾನು ಒಪ್ಪುವುದಿಲ್ಲ. ಬೆಳಗಿನ ನಾಲ್ಕು ಗಂಟೆಗೆ ಗ್ರೈಂಡರು ನಿಂತರೆ ಮೆಕ್ಯಾನಿಕ್ ಬರುವ ತನಕ ದೋಸೆಯ ಗಿರಾಕಿ ಕಾಯುತ್ತಾನೆಯೆ? ಬೆಲ್ಟು ಬದಲಿಸುವುದು, ಬೇರಿಂಗಿನ ಸದ್ದು ಗುರುತಿಸುವುದು, ಬರ್ನರಿನ ತೂತು ಬಿಡಿಸುವುದು, ಫ್ರಿಜ್ಜಿನ ಬಾಗಿಲಿನ ರಬ್ಬರು ಕೂರಿಸುವುದು, ಇವನ್ನು ಅಡುಗೆಮನೆಯಲ್ಲಿ ಹತ್ತು ವರ್ಷ ನಿಂತ ಯಾವ ಹುಡುಗನೂ ಬಲ್ಲ. ಬಲ್ಲೆನೆಂದು ಅವನಿಗೇ ತಿಳಿದಿರುವುದಿಲ್ಲ, ಅಷ್ಟೆ.

ಮನೆಯ ಪಕ್ಕದಲ್ಲೇ ಕಸಬು ನಡೆಸುವುದನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ವಡೋದರಾದಿಂದ ಸುಮಾರು 50 ಕಿಲೋಮೀಟರಿನಲ್ಲಿ ಸಂಖೇಡಾ ಇದೆ. ಅಲ್ಲಿನ ಖರಾದಿಗಳು ತೇಗದ ಮರವನ್ನು ಕಡೆದು, ಅರಗಿನ ಹೊಳಪು ಕೊಟ್ಟು ಮಾಡುವ ತೊಟ್ಟಿಲು, ಉಯ್ಯಾಲೆ, ಕುರ್ಚಿಗಳು ದೇಶವೆಲ್ಲ ಹೆಸರಾಗಿವೆ. ನಮ್ಮ ಚನ್ನಪಟ್ಟಣದ ಬೊಂಬೆಯವರು ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ ಬಣ್ಣ ಹತ್ತಿಸುವುದನ್ನು ಕಂಡವರಿಗೆ ಸಂಖೇಡಾದ ಕೆಲಸ ನೆಂಟರ ಮನೆಯಂತೆ ಕಾಣುತ್ತದೆ. ಮನೆಯೂ ಅಲ್ಲೇ, ಕಡಚಲು ಯಂತ್ರವೂ ಅಲ್ಲೇ; ಮಗ ಶಾಲೆಯಿಂದ ಬಂದು ನೋಡುತ್ತ ನೋಡುತ್ತ ಕಲಿಯುತ್ತಾನೆ. ಇನ್ನು ಅಮೆರಿಕದವರು ಹೆಮ್ಮೆಯಿಂದ ಹೇಳುವ ಕತೆಯೊಂದಿದೆ: ಹ್ಯೂಲೆಟ್, ಪ್ಯಾಕರ್ಡ್ ಎಂಬ ಇಬ್ಬರು ಗೆಳೆಯರು 1939ರಲ್ಲಿ ಪಾಲೊ ಆಲ್ಟೊ ಊರಿನ ಒಂದು ಕಾರ್ ಶೆಡ್ಡಿನಲ್ಲಿ ಶುರು ಮಾಡಿದ ಕಂಪನಿ ಲೋಕವಿಖ್ಯಾತವಾಯಿತೆಂದು. ನಿಜವೇ. ಆದರೆ ನಮಗೆ ಬೇಕಾಗಿರುವುದು ಲೋಕವಿಖ್ಯಾತಿಯಲ್ಲ, ತಿಂಗಳಿಗೊಂದಿಷ್ಟು ಖರ್ಚಿನ ಹಣ, ಕೈಗೆ ಕೆಲಸ.

ಮನೆಯಲ್ಲೇ ಕೆಲಸವೆಂದ ಮಾತ್ರಕ್ಕೆ ಎಲ್ಲವೂ ಒಳ್ಳೆಯದೆಂದು ಯಾರೂ ತಿಳಿಯಬಾರದು. ಸೂರತ್ತಿನ ಗಲ್ಲಿಗಳಲ್ಲಿ ಕೆಳಗೆ ಪವರ್‌ಲೂಮು, ಮೇಲೆ ಸಂಸಾರ ಇರುವುದನ್ನು ನೋಡಿದವರು ಬಲ್ಲರು. ಗೋಡೆ ಅದುರುತ್ತದೆ, ಮಗು ಬೆಚ್ಚಿ ಏಳುತ್ತದೆ, ಮಾತನಾಡುವವರು ಕೂಗಿ ಕೂಗಿ ಅದೇ ಅಭ್ಯಾಸವಾಗುತ್ತದೆ. ವಜ್ರದ ಕೆಲಸದಲ್ಲಿ ಇನ್ನೊಂದು ಪಾಠವಿದೆ. ಸೂರತ್ತಿನ ವಜ್ರದ ಕೆಲಸ ಭಾವನಗರ, ಅಮ್ರೇಲಿ ಕಡೆಯ ಹಳ್ಳಿಗಳಿಗೂ ಹಬ್ಬಿತು. ಒಂದು ಕೊಠಡಿ, ಒಂದು ಘಂಟಿ, ಅದರ ಸುತ್ತ ನಾಲ್ವರು. ಊರಿನಲ್ಲೇ ದುಡಿಮೆ, ಮನೆಯೂಟ. ಬಲು ಚೆಂದ. ಆದರೆ 2008ರ ಕೊನೆಯಲ್ಲಿ ಅಮೆರಿಕದ ಪೇಟೆ ಬಿದ್ದಾಗ ಹಳ್ಳಿಯ ಘಂಟಿಯೂ ನಿಂತಿತು. ಕಲ್ಲು ಕಳಿಸುವವನು ಬೇರೆಡೆ, ಕೊಳ್ಳುವವನು ಸಮುದ್ರದಾಚೆ. ಘಂಟಿಯ ಮುಂದೆ ಕೂತವನ ಕೈಯಲ್ಲಿ ಏನೂ ಇರಲಿಲ್ಲ.

ಆದುದರಿಂದ ದೂರದ ವ್ಯಾಪಾರಿಯ ಮಾಲನ್ನು ಮಜೂರಿಗೆ ಮಾಡಿಕೊಡುವ ಶೆಡ್ಡನ್ನು ನಾನು ಬೇಡವೆನ್ನುತ್ತೇನೆ. ಐದು ಮೈಲಿಯೊಳಗಿನ ಜನ ಹೊತ್ತು ತರುವ ಕೆಟ್ಟ ಸಾಮಾನನ್ನು ರಿಪೇರಿ ಮಾಡುವ ಶೆಡ್ಡು ಬೇಕು. ಅಮೆರಿಕದಲ್ಲಿ ಏನೇ ಆಗಲಿ, ಪಕ್ಕದ ಮನೆಯ ಪಂಪು ಕೆಡುವುದು ತಪ್ಪುವುದಿಲ್ಲ.

ಕರಾವಳಿಯಲ್ಲಿ ಈ ಕೆಲಸಕ್ಕೆ ಪಂಚಾಂಗವೇ ಇದೆ. ಡಿಸೆಂಬರಿನಿಂದ ಮೇ ತನಕ ತೋಟಕ್ಕೆ ನೀರು. ಮೋಟಾರು ಸುಟ್ಟು ವೈಂಡಿಂಗಿಗೆ ಬರುವುದು ಆಗ. ಮಳೆ ಹಿಡಿಯುವ ಮುಂಚೆ ಅಡಿಕೆಗೆ ಕೊಳೆರೋಗದ ಔಷಧಿ. ಮೈಲುತುತ್ತು ಕಬ್ಬಿಣವನ್ನು ತಿನ್ನುತ್ತದೆ. ಹೋದ ವರ್ಷ ತೊಳೆಯದೆ ಇಟ್ಟ ಸಿಂಪಡಣೆಯ ಪಂಪುಗಳೆಲ್ಲ ಮೇ ಕೊನೆಯ ವಾರ ಒಟ್ಟಿಗೇ ಹೊರಗೆ ಬರುತ್ತವೆ. ಮಳೆ ಬಿದ್ದ ಮೇಲೆ ಹುಲ್ಲು ಕತ್ತರಿಸುವ ಯಂತ್ರ. ಚೌತಿ, ದೀಪಾವಳಿಗೆ ಮುಂಚೆ ಗ್ರೈಂಡರು, ಮಿಕ್ಸಿ. ಈಗ ಇವನ್ನೆಲ್ಲ ಪೇಟೆಗೆ ಒಯ್ಯಬೇಕು; ರಿಪೇರಿಯ ದುಡ್ಡಿಗಿಂತ ಆಟೋದ ಬಾಡಿಗೆ ಹೆಚ್ಚು.

ಇನ್ನು ಶೆಡ್ಡಿನ ವಿಚಾರ. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 800 ಮಿಲಿಮೀಟರು; ನಮ್ಮ ಕರಾವಳಿಯಲ್ಲಿ ಮೂರೂವರೆ ಸಾವಿರಕ್ಕೂ ಮೇಲೆ. ಇಲ್ಲಿ ಹತ್ತು ವರ್ಷ ಮಿಂಚುವ ಸ್ಪ್ಯಾನರು ಅಲ್ಲಿ ಒಂದೇ ಆಷಾಢಕ್ಕೆ ಕೆಂಪಾಗುತ್ತದೆ. ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನೆಲ. ಅಂಗಳಕ್ಕಿಂತ ಒಂದಡಿ ಎತ್ತರವಿರಬೇಕು, ಬಾಗಿಲ ಕಡೆಗೆ ಸ್ವಲ್ಪ ಇಳಿಜಾರಿರಬೇಕು. ಶೆಡ್ಡಿನ ಬಾಯಿ ಪಡುವಣಕ್ಕಿದ್ದರೆ ಮುಂಗಾರಿನ ಗಾಳಿ ಮಳೆಯನ್ನು ನೇರ ಒಳಗೇ ತಂದು ಸುರಿಯುತ್ತದೆ. ಮುಂದೆ ನಾಲ್ಕಡಿ ಇಳಿಮಾಡು ಚಾಚಲೇಬೇಕು. ಮೇಲೆ ಬರೇ ಜಿ.ಐ. ಶೀಟಾದರೆ ಏಪ್ರಿಲಿನಲ್ಲಿ ಒಳಗೆ ಕೂರಲಾಗದು, ಜುಲೈಯಲ್ಲಿ ಮಾತು ಕೇಳಿಸದು. ಹಳೆಯ ಮನೆ ಕೆಡವಿದಾಗ ಉಳಿದ ಮಂಗಳೂರು ಹಂಚಿದ್ದರೆ ಅದೇ ಮೇಲು. ನಡುವೆ ನಾಲ್ಕೈದು ಗಾಜಿನ ಹಂಚು ಕೂರಿಸಿದರೆ ಹಗಲಿಗೆ ದೀಪವೇ ಬೇಡ.

ಗೋಡೆಯಲ್ಲಿ ಎದುರುಬದುರು ಎರಡು ಕಿಟಕಿ ತೆರೆಸಬೇಕು. ಗಿರಣಿಯ ಹಳಬರಿಗೆ ಇದನ್ನು ವಿವರಿಸಬೇಕಾಗಿಲ್ಲ. ರಜೆ ಮುಗಿಸಿ ಕೆಲಸಕ್ಕೆ ಮರಳಿದ ದಿನ ಎದೆ ಬಿಗಿಯುವ ಹತ್ತಿಧೂಳಿನ ರೋಗವನ್ನು ಅವರು ಬಲ್ಲರು. ಅಹಮದಾಬಾದಿನಲ್ಲಿ 1966ರಲ್ಲಿ ಆರಂಭವಾದ ಔದ್ಯೋಗಿಕ ಆರೋಗ್ಯ ಸಂಶೋಧನ ಸಂಸ್ಥೆ ಪರೀಕ್ಷಿಸಿದ ಧೂಳಿನ ರೋಗಗಳಲ್ಲಿ ಅದೂ ಒಂದು. ಗಿರಣಿಯ ಧೂಳನ್ನು ಬಿಟ್ಟು ಬಂದು ಮನೆಯ ಶೆಡ್ಡಿನಲ್ಲಿ ಮರದ ಪುಡಿ, ಗ್ರೈಂಡಿಂಗಿನ ಪುಡಿ ಕುಡಿಯುವುದರಲ್ಲಿ ಅರ್ಥವಿಲ್ಲ.

ಬೆಂಚು ಕಿಟಕಿಯ ಕೆಳಗಿರಲಿ. ಹಳೆಯ ಬಾಗಿಲಿನ ಹಲಗೆ ಸಾಕು. ಎತ್ತರಕ್ಕೆ ಒಂದೇ ಲೆಕ್ಕ: ನೆಟ್ಟಗೆ ನಿಂತಾಗ ವೈಸಿನ ಬಾಯಿ ನಿಮ್ಮ ಮೊಣಕೈ ಮಟ್ಟಕ್ಕೆ ಬರಬೇಕು. ತಗ್ಗಾದರೆ ಸೊಂಟ ಹೋಗುತ್ತದೆ, ಎತ್ತರವಾದರೆ ಭುಜ. ವೈಸನ್ನು ಬೆಂಚಿನ ಕಾಲಿನ ನೇರಕ್ಕೆ ಬಿಗಿಯಿರಿ. ಮೊದಲ ವರ್ಷ ವೈಸು, ಸ್ಪ್ಯಾನರು, ಬೇರಿಂಗ್ ಎಳೆಯುವ ಪುಲ್ಲರು, ಕೈ ಡ್ರಿಲ್ಲು, ಬೆಸುಗೆ ಕಡ್ಡಿ, ಒಂದು ಮಲ್ಟಿಮೀಟರು, ಇಷ್ಟರಲ್ಲಿ ಆರಂಭಿಸಬಹುದು. ಕೆಲವರು ಮೊದಲೇ ಲೇತು, ವೆಲ್ಡಿಂಗ್ ಸೆಟ್ಟು ತಂದು ನಿಲ್ಲಿಸುತ್ತಾರೆ. ಅದು ದೇವರಕೋಣೆಯಲ್ಲಿ ಆನೆ ಕಟ್ಟಿದ ಹಾಗೆ. ಹಳ್ಳಿಯ ಕೊನೆಯ ಕಂಬದ ಕರೆಂಟಿನಲ್ಲಿ ವೆಲ್ಡಿಂಗ್ ಹಚ್ಚಿದರೆ ಅಕ್ಕಪಕ್ಕದ ಮನೆಗಳ ದೀಪ ಕಣ್ಣು ಮಿಟುಕಿಸುತ್ತದೆ. ಮಾರನೆಯ ದಿನ ಜಗಳ.

ಕರೆಂಟಿನ ಮಾತಿನಲ್ಲಿ ಮಾತ್ರ ಜಿಪುಣತನ ಕೂಡದು. ಒದ್ದೆ ನೆಲ, ಬರಿಗಾಲು, ಮೋಟಾರು, ಇವು ಮೂರೂ ಕೂಡಿದರೆ ಸಾವು ದೂರವಿಲ್ಲ. ಶೆಡ್ಡಿಗೆ ಪ್ರತ್ಯೇಕ ಅರ್ಥಿಂಗ್ ಬೇಕು, 30 ಮಿಲಿಆಂಪಿಯರಿನಲ್ಲಿ ಕಡಿತಗೊಳ್ಳುವ ಸ್ವಿಚ್ಚು ಬೇಕು, ಕಾಲಡಿಗೆ ರಬ್ಬರು ಚಾಪೆ ಬೇಕು. ಮನೆಬಳಕೆಯ ಮೀಟರಿನಿಂದ ವ್ಯಾಪಾರದ ಕೆಲಸ ನಡೆಸಿದರೆ ಮೆಸ್ಕಾಂನವರು ದಂಡ ಹಾಕುತ್ತಾರೆ. ಬೇರೆ ಮೀಟರು ಹಾಕಿಸಿ. ಗ್ಯಾಸಿನ ಬರ್ನರು ಪರೀಕ್ಷಿಸುವವರು ನೆನಪಿಡಬೇಕಾದುದು, ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದಲ್ಲಿ ಕೂರುತ್ತದೆ. ಗಾಳಿಕಿಂಡಿ ಗೋಡೆಯ ಬುಡದಲ್ಲೂ ಇರಲಿ. ಬೈಹುಲ್ಲು ಅದೇ ಮಾಡಿನಡಿ ಬೇಡವೇ ಬೇಡ.

ಹಣದ ವಿಚಾರ. ಗ್ರ್ಯಾಚುಯಿಟಿಯೆಂದು ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳದ ಲೆಕ್ಕದಲ್ಲಿ ಕೈಗೆ ಬರುವ ಗಂಟನ್ನು ಶೆಡ್ಡಿಗೆ ಸುರಿಯಬಾರದು; ಅದು ಮುಪ್ಪಿನ ಅನ್ನ. ಇದಕ್ಕಾಗಿಯೇ ಸಂಬಳವಿರುವಾಗ ಆರಂಭಿಸಿ ಎಂದೆ: ಈ ವರ್ಷ ನೆಲ, ಬರುವ ವರ್ಷ ಮಾಡು, ಅದರಾಚೆ ಬೆಂಚು. ಕೇಂದ್ರ ಸರಕಾರ 2023ರ ಸೆಪ್ಟೆಂಬರಿನಲ್ಲಿ ಆರಂಭಿಸಿದ ವಿಶ್ವಕರ್ಮ ಯೋಜನೆಯಲ್ಲಿ ಉಪಕರಣಕ್ಕೆ 15,000 ರೂಪಾಯಿ, ಶೇಕಡಾ 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಮತ್ತೆ ಎರಡು ಲಕ್ಷ ಸಾಲ ಇಟ್ಟಿದ್ದಾರೆ. ಬಡಗಿ, ಕಮ್ಮಾರ, ದರ್ಜಿ ಮೊದಲಾದ 18 ಕಸಬುಗಳ ಪಟ್ಟಿಯದು. ಗಿರಣಿಯ ಫಿಟ್ಟರನೂ ಮೋಟಾರು ವೈಂಡಿಂಗಿನವನೂ ಆ ಪಟ್ಟಿಯಲ್ಲಿಲ್ಲ. ಯಂತ್ರವನ್ನೇ ನಂಬಿ ಬದುಕಿದವನನ್ನು ಬಿಟ್ಟು ಕಸಬುದಾರರ ಪಟ್ಟಿ ಮಾಡಿದ್ದು ನನಗೆ ಸರಿತೋರುವುದಿಲ್ಲ. ಊರಿನಲ್ಲಿರುವ ಮಗನಿಗೋ ಅಳಿಯನಿಗೋ ಉಜಿರೆಯಲ್ಲಿ 1982ರಲ್ಲಿ ಸ್ಥಾಪನೆಯಾದ ರುಡ್‌ಸೆಟ್ ಸಂಸ್ಥೆ ಇದೆ. ಊಟ, ವಸತಿಯೊಡನೆ ಉಚಿತವಾಗಿ ಕಸಬು ಕಲಿಸುತ್ತಾರೆ. ಹುಡುಗ ಅಲ್ಲಿ ಕಲಿತು ಶೆಡ್ಡು ತೆರೆದಿಟ್ಟರೆ, ಹಿರಿಯ ಬರುವ ಹೊತ್ತಿಗೆ ಗಿರಾಕಿ ಆಗಲೇ ಇರುತ್ತಾರೆ.

“ಅಷ್ಟು ವರ್ಷ ಪರವೂರಿನಲ್ಲಿ ದುಡಿದು ಬಂದು ಮತ್ತೆ ಎಣ್ಣೆ ಗ್ರೀಸಿನಲ್ಲಿ ಕೈಯಾಡಿಸುವುದೆ, ಮಾವ?” ಎಂದು ಕೇಳುವವರು ಊರಲ್ಲಿ ಇದ್ದೇ ಇರುತ್ತಾರೆ. ಹಾಗೆ ಕೇಳಿದವರೇ ಚೌತಿಯ ಹಿಂದಿನ ದಿನ ಗ್ರೈಂಡರು ಹೊತ್ತು ತರುತ್ತಾರೆ. ಆದರೆ ಮಾನದ ಪ್ರಶ್ನೆಗಿಂತ ಪಾಲಿನ ಪ್ರಶ್ನೆ ದೊಡ್ಡದು. ಕೂಡುಕುಟುಂಬದ ಜಾಗದಲ್ಲಿರುವ ಶೆಡ್ಡಿಗೆ ನೀವು ದುಡ್ಡು ಹಾಕಿ, ಅದು ನಡೆಯತೊಡಗಿದ ಮೇಲೆ ಅಣ್ಣತಮ್ಮಂದಿರು, ಅಕ್ಕತಂಗಿಯರು ಪಾಲು ಕೇಳಿದರೆ ಅವರನ್ನು ದೂರುವಂತಿಲ್ಲ, ಹಕ್ಕು ಹಕ್ಕೇ. ಮೊದಲ ಚೀಲ ಸಿಮೆಂಟು ತರುವ ಮುಂಚೆ ಎಲ್ಲರೂ ಕೂತು ಮಾತಾಡಿ, ಕಾಗದದಲ್ಲಿ ಬರೆದು ನೋಂದಾಯಿಸಬೇಕು. ಪಂಚಾಯತಿಯ ಪರವಾನಗಿಗೂ ಮೀಟರಿಗೂ ಆ ಕಾಗದವೇ ಬೇಕಾಗುತ್ತದೆ.

ಬರುವ ಮೇ ತಿಂಗಳಲ್ಲಿ ಊರಿಗೆ ಹೋಗುವವರು ಪೆಟ್ಟಿಗೆಯಲ್ಲಿ ಒಂದು ಅಳತೆ ಟೇಪು ಇಟ್ಟುಕೊಳ್ಳಲಿ. ಶೆಡ್ಡಿನ ಉದ್ದ, ಅಗಲ, ಎತ್ತರ ಬರೆದುಕೊಂಡು, ಹೋದ ಮಳೆಗಾಲ ನೀರು ಎಲ್ಲಿಯ ತನಕ ಬಂದಿತ್ತೆಂದು ಮನೆಯವರನ್ನು ಕೇಳಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಎಳೆದು ಬರಲಿ.