ಬಾಲಕನ ಬ್ಯಾಟೂ ತಂದೆಯ ತಾಳ್ಮೆಯೂ

ಶಿರವಾಡದ ವಾಚಕ ಮಹಾಶಯರೊಬ್ಬರು ಹನ್ನೆರಡು ವರುಷದ ತಮ್ಮ ಚಿರಂಜೀವಿಯ ವಿಷಯವಾಗಿ ನಮಗೆ ಪತ್ರ ಬರೆದಿರುವರು. ಹುಡುಗನಿಗೆ ಕ್ರಿಕೆಟ್ಟಿನಲ್ಲಿ ಬಲು ಆಸ್ಥೆ. ಆದರೆ ಅವನ ಬ್ಯಾಟು ಒಮ್ಮೆ ಚೆಂಡಿಗಿಂತ ಮೊದಲೇ ಬೀಸುವದು, ಒಮ್ಮೆ ಚೆಂಡು ಹೋದ ಮೇಲೆ. ಈ ಕಾರಣದಿಂದ ಶಾಲೆಯ ತಂಡದಲ್ಲಿ ಅವನಿಗೆ ಸ್ಥಾನ ತಪ್ಪಿತು. ಅಂದಿನಿಂದ ಆತನು ಮನೆಯಲ್ಲಿ ಮಾತನ್ನೇ ಕಡಿಮೆ ಮಾಡಿರುವನು. “ಇನ್ನೂ ಭಾರವಾದ ಬ್ಯಾಟು ತಂದುಕೊಟ್ಟರೆ ಆದೀತೆ?” ಎಂಬುದು ತಂದೆಯವರ ಪ್ರಶ್ನೆ. ಇದು ಅನೇಕ ಮನೆಗಳ ಪ್ರಶ್ನೆಯಾದ ಕಾರಣ ಉತ್ತರವನ್ನು ಇಲ್ಲಿಯೇ ಕೊಡುವೆವು.

ಭಾರವಾದ ಬ್ಯಾಟು ಬೇಡವೇ ಬೇಡ. ಹಿಡಿಯ ಮೇಲ್ಭಾಗದಲ್ಲಿರುವ ಕೈಯೊಂದರಿಂದಲೇ ಹುಡುಗನು ಬ್ಯಾಟನ್ನು ಮುಂದಕ್ಕೆ ಚಾಚಿ ಹಿಡಿಯಲಿ. ತುದಿಯು ಜೋತುಬಿದ್ದರೆ ಅದು ಅವನಿಗೆ ತಕ್ಕ ಬ್ಯಾಟಲ್ಲವೆಂದು ತಿಳಿಯತಕ್ಕದ್ದು. ಚೆಂಡಿಗೂ ಇದೇ ನ್ಯಾಯ. ದೊಡ್ಡವರ ಚೆಂಡು ಸುಮಾರು 156ರಿಂದ 163 ಗ್ರಾಂ ತೂಗುವದು. ಚಿಕ್ಕ ಬಾಲಕರಿಗಾಗಿ 133ರಿಂದ 144 ಗ್ರಾಮಿನ ಚೆಂಡು ಬೇರೆಯೇ ಉಂಟು.

ಇನ್ನು ಕಣ್ಣಿನ ಮಾತು. ಎರಡು ಕಡೆಯ ಆಟದ ಗೆರೆಗಳ ನಡುವೆ ಇರುವ ಅಂತರ ಸುಮಾರು 17.7 ಮೀಟರು. ಗಂಟೆಗೆ 72 ಕಿಲೋಮೀಟರು ವೇಗದ ಚೆಂಡು ಅದನ್ನು ಒಂದು ಸೆಕೆಂಡಿನೊಳಗಾಗಿ ದಾಟುವದು. ಲ್ಯಾಂಡ್ ಮತ್ತು ಮ್ಯಾಕ್‌ಲಿಯೋಡ್ ಎಂಬ ಇಂಗ್ಲಂಡಿನ ವಿಜ್ಞಾನಿಗಳು 2000ನೆಯ ಇಸವಿಯಲ್ಲಿ ಪ್ರಕಟಿಸಿದ ಶೋಧದ ಪ್ರಕಾರ, ಬ್ಯಾಟುಗಾರನ ಕಣ್ಣು ಚೆಂಡಿನ ಬೆನ್ನನ್ನು ದಾರಿಯುದ್ದಕ್ಕೂ ಹತ್ತುವದಿಲ್ಲ. ಅದು ಬೌಲರನ ಕೈಯಿಂದ ಚೆಂಡು ಬಿಡುವದನ್ನು ನೋಡಿ, ಚೆಂಡು ನೆಲಕ್ಕೆ ತಾಗುವ ಸ್ಥಳಕ್ಕೆ ಮುಂದಾಗಿಯೇ ಹಾರಿ ಅಲ್ಲಿ ಕಾದಿರುವದು. ಕುಶಲನ ನೋಟವು ಬೇಗನೆ ಹಾರುವದು, ಅಕುಶಲನದು ತಡವಾಗಿ. ಆದುದರಿಂದ ಬರಿದೆ “ಚೆಂಡು ನೋಡು” ಎಂದು ಕೂಗುವದಕ್ಕಿಂತ “ಬೌಲರನ ಕೈ ನೋಡು” ಎನ್ನುವದು ಲೇಸು. ಶಾಲೆಯ ಹಲಗೆಯ ಮೇಲಿನ ಅಕ್ಷರ ಹುಡುಗನಿಗೆ ಸ್ಪಷ್ಟವಾಗಿ ಕಾಣುವದೋ ಇಲ್ಲವೋ ಎಂಬುದನ್ನೂ ವಿಚಾರಿಸಿ, ಸಂಶಯವಿದ್ದರೆ ನೇತ್ರವೈದ್ಯರಿಗೆ ತೋರಿಸಬೇಕು. ಕಣ್ಣಿನ ದೋಷಕ್ಕಾಗಿ ಹುಡುಗನು ಬೈಸಿಕೊಳ್ಳುವದು ಅನ್ಯಾಯವಲ್ಲವೆ?

ಅಭ್ಯಾಸಕ್ಕೆ ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಕೊಯ್ದ ಗದ್ದೆಯಲ್ಲಿ ಚೆಂಡು ಮನಬಂದಂತೆ ನೆಗೆಯುವದರಿಂದ ಸಮನಾದ ಅಂಗಳವನ್ನು ಆರಿಸಿಕೊಳ್ಳಿರಿ. ತಂದೆಯಾಗಲಿ ಅಕ್ಕನಾಗಲಿ ಹತ್ತು ಹೆಜ್ಜೆ ದೂರದಿಂದ ಮೆತ್ತನೆಯ ಟೆನಿಸ್ ಚೆಂಡನ್ನು ಕೆಳಗೈಯಿಂದ ಎಸೆಯಲಿ. ಚೆಂಡು ನೆಲಕ್ಕೆ ತಾಗಿದೊಡನೆ ಹುಡುಗನು “ಬಿತ್ತು” ಎಂದೂ ಬ್ಯಾಟಿಗೆ ತಾಗಿದೊಡನೆ “ತಾಗಿತು” ಎಂದೂ ಗಟ್ಟಿಯಾಗಿ ಹೇಳಲಿ. ತಾನು ಆತುರಪಟ್ಟೆನೋ ತಡಮಾಡಿದೆನೋ ಎಂಬುದು ಅವನ ಕಿವಿಗೇ ತಿಳಿಯುವದು. ಬೇರೆಯವರು ಹೇಳಬೇಕಾದ ಕಾರಣವಿಲ್ಲ. ಚೆಂಡು ಕೈಬಿಡುವ ಮೊದಲೇ ಬ್ಯಾಟು ಹಿಂದಕ್ಕೆ ಎತ್ತಿರಲಿ, ತಲೆ ಅಲುಗದಿರಲಿ, ಹೊಡೆತವು ಕಣ್ಣಿನ ಕೆಳಗೇ ಆಗಲಿ. ಬಲ ಹಾಕಕೂಡದು. ಇದು ಕೈಗೂಡಿದ ಮೇಲೆ ಎಸೆತದ ವೇಗವನ್ನು ಹೇಳದೆಯೇ ಬದಲಿಸುತ್ತಿರಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಅಂಗಳ ಸಿಕ್ಕದು. ಆಗ ಹಳೆಯ ಕಾಲುಚೀಲದಲ್ಲಿ ಚೆಂಡನ್ನಿಟ್ಟು ಜಗಲಿಯ ತೊಲೆಗೆ ತೂಗಹಾಕಿದರೆ ಅಭ್ಯಾಸ ನಿಲ್ಲುವದಿಲ್ಲ.

ಭದ್ರಾವತಿಯಲ್ಲಿ 1949ರಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರು ಗಿಡ್ಡ ಮೈಕಟ್ಟಿನವರು. ತೋಳ್ಬಲಕ್ಕಿಂತ ಮಣಿಕಟ್ಟಿನ ಚಳಕವನ್ನೂ ಹೊತ್ತರಿತ ಹೊಡೆತವನ್ನೂ ನಂಬಿ ಕೀರ್ತಿ ಪಡೆದರು. 1969ರಲ್ಲಿ ಕಾನಪುರದಲ್ಲಿ ಆಸ್ಟ್ರೇಲಿಯದ ವಿರುದ್ಧ ಆಡಿದ ಮೊದಲ ಟೆಸ್ಟಿನ ಮೊದಲ ಸರದಿಯಲ್ಲಿ ಅವರು ಗಳಿಸಿದ್ದು ಸೊನ್ನೆ. ಎರಡನೆಯ ಸರದಿಯಲ್ಲಿ 137. ಇದನ್ನು ಹುಡುಗನಿಗೆ ಹೇಳಿರಿ.

ತಂದೆಯವರಿಗೂ ಒಂದು ಬಿನ್ನಹವುಂಟು. ದಿನಕ್ಕೆ ಒಂದೇ ತಪ್ಪನ್ನು ತಿದ್ದಿರಿ. ಊಟದ ಹೊತ್ತಿಗೆ ಆಟದ ವಿಮರ್ಶೆ ಬೇಡ. ತಂಡದಲ್ಲಿ ಸ್ಥಾನ ಮರಳಿ ಸಿಕ್ಕುವದು ಪರರ ಕೈಯಲ್ಲಿದೆ. ಸಂಜೆಯಾದೊಡನೆ ಹುಡುಗನು ಬ್ಯಾಟು ಹಿಡಿದು ತಾನಾಗಿ ಅಂಗಳಕ್ಕಿಳಿಯುವಂತೆ ಮಾಡುವದು ಮಾತ್ರ ನಿಮ್ಮ ಕೈಯಲ್ಲಿಯೇ ಇದೆ.