ಅಜ್ಜಿಯ ಮುಖಕ್ಕೆ ಕಿಟಕಿಯ ಬೆಳಕು

ಮಕ್ಕಳೇ, ಈ ತಿಂಗಳು ಸೌಟು ಕೆಳಗಿಟ್ಟು ಕ್ಯಾಮೆರಾ ಹಿಡಿದಿದ್ದೇನೆ. ಮಗ ತನ್ನ ಬೋನಸ್ಸಿನಲ್ಲಿ ಕೊಡಿಸಿದ್ದು. "ಅಮ್ಮಾ, ನಿನಗ ಹೆಂಗೂ ಟೈಮ್ ಇರ್ತದಲ್ಲ" ಅಂದ. (ಗೃಹಿಣಿಯ ಟೈಮಿನ ಬಗ್ಗೆ ಇನ್ನೊಮ್ಮೆ ಪ್ರತ್ಯೇಕವಾಗಿ ಬರೆಯುವುದಿದೆ.)

ಹೂವು, ಪಾರಿವಾಳ, ಮಳೆಯಲ್ಲಿ ನೆನೆದ ಲೋಕಲ್ ಗಾಡಿ, ಏನನ್ನಾದರೂ ತೆಗೆಯಬಹುದಿತ್ತು. ನಾನು ಹಿಡಿದದ್ದು ಭಾವಚಿತ್ರದ ದಾರಿ. ಕಾರಣವಿದೆ. ನಮ್ಮ ಮಾವನವರು 2003ರಲ್ಲಿ ತೀರಿಕೊಂಡಾಗ ವೈಕುಂಠ ಸಮಾರಾಧನೆಗೆ ಇಡಲು ಮನೆಯೆಲ್ಲ ಹುಡುಕಿದರೂ ಒಂದು ಒಳ್ಳೆಯ ಫೋಟೋ ಸಿಗಲಿಲ್ಲ. ಇದ್ದದ್ದು ಮದುವೆ-ಮುಂಜಿಯ ಗುಂಪುಚಿತ್ರಗಳು, ಮತ್ತು ಒಂದು ಪಾಸ್‌ಪೋರ್ಟ್ ಅಳತೆಯದು. ಅದನ್ನೇ ದೊಡ್ಡದು ಮಾಡಿಸಿದೆವು. ಗೋಡೆಯ ಮೇಲೆ ಈಗ ಯಾರೋ ಹೆಡ್ ಕ್ಲಾರ್ಕ್ ಕೂತಂತಿದೆ. ಊಟಕ್ಕೆ ಕೂತಾಗ ಒಂದೇ ಹುಬ್ಬು ಏರಿಸಿ ಎಲ್ಲರನ್ನೂ ನಗಿಸುತ್ತಿದ್ದ ಮಾವನವರು ಅಲ್ಲಿಲ್ಲ. ಅತ್ತೆಯವರಿಗೆ ಈಗ 84.

ಐವತ್ತು ದಾಟಿದ ಮೇಲೆ ಇದೇನು ಹೊಸ ಹುಚ್ಚು ಎಂದವರಿಗೆ ನಾನು ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಹೆಸರು ಹೇಳುತ್ತೇನೆ. ನಾವು ಬಿ.ಎ.ಯಲ್ಲಿ ಓದಿದ ಟೆನಿಸನ್ ಕವಿಯ ನೆರೆಮನೆಯಾಕೆ. ಹುಟ್ಟಿದ್ದು ನಮ್ಮ ಕಲ್ಕತ್ತೆಯಲ್ಲಿ, 1815ರಲ್ಲಿ. ಆರು ಮಕ್ಕಳ ತಾಯಿ. 1863ರ ಡಿಸೆಂಬರಿನಲ್ಲಿ ಮಗಳು-ಅಳಿಯ ಕ್ಯಾಮೆರಾ ಉಡುಗೊರೆ ಕೊಟ್ಟಾಗ ಆಕೆಗೆ 48 ವರ್ಷ. ಕೋಳಿಗೂಡು ಸ್ಟುಡಿಯೋ ಆಯಿತು, ಇದ್ದಿಲುಕೋಣೆ ಡಾರ್ಕ್‌ರೂಮ್ ಆಯಿತು, ಮನೆಗೆಲಸದ ಮೇರಿ ಚಿತ್ರದಲ್ಲಿ ಮಾತೆ ಮೇರಿಯಾದಳು! ಎದುರು ಕೂತವರು ನಿಮಿಷಗಟ್ಟಲೆ ಅಲುಗಾಡುವಂತಿರಲಿಲ್ಲ. ಚಿತ್ರಗಳು ಮಸುಕು ಎಂದು ಆ ಕಾಲದ ಪಂಡಿತರು ಆಡಿಕೊಂಡರು. ಅವರ ಹೆಸರು ಇಂದು ಯಾರಿಗೂ ನೆನಪಿಲ್ಲ, ಬಿಡಿ.

ನನ್ನ ಮೊದಲ ಗಿರಾಕಿ ಒಂದು ತೆಂಗಿನಕಾಯಿ. ನಗಬೇಡಿ. ಅದಕ್ಕೆ ಕಣ್ಣಿವೆ, ಜುಟ್ಟಿದೆ, ಮತ್ತು ಸಾಕಪ್ಪಾ ಎನ್ನುವುದಿಲ್ಲ. ಅಡುಗೆಮನೆಯ ಕಿಟಕಿಯ ಬಳಿ ಇಟ್ಟು ಸ್ವಲ್ಪ ಸ್ವಲ್ಪವೇ ತಿರುಗಿಸುತ್ತ ಹೋದರೆ ಬೆಳಕು ಎಂದರೇನು ಎಂಬುದು ತಾನಾಗಿ ತಿಳಿಯುತ್ತದೆ. ಕಿಟಕಿಗೆ ನೇರ ಎದುರಾದರೆ ಮುಖ ಚಪ್ಪಟೆ. ಪೂರ್ತಿ ಪಕ್ಕಕ್ಕಾದರೆ ಅರ್ಧ ಕತ್ತಲೆ. ನಡುವೆ ಒಂದು ಓರೆ ಸಿಗುತ್ತದೆ, ಅಲ್ಲಿ ಕೆನ್ನೆಯ ಉಬ್ಬು, ಸುಕ್ಕು ಎಲ್ಲ ಮೃದುವಾಗಿ ಎದ್ದು ಬರುತ್ತವೆ. ನೆರಳಿನ ಕಡೆ ಕುರ್ಚಿಯ ಬೆನ್ನಿಗೆ ಬಿಳೀ ಧೋತರ ಹರವಿದರೆ ಅದೂ ಒಂದಿಷ್ಟು ಬೆಳಕು ಚೆಲ್ಲುತ್ತದೆ. ಟ್ಯೂಬ್‌ಲೈಟ್ ಮಾತ್ರ ಆರಿಸಿ. ಎರಡು ಬಣ್ಣದ ಬೆಳಕು ಕೂಡಿದರೆ ಅಜ್ಜಿ ಕಾಮಾಲೆ ಹಿಡಿದವರಂತೆ ಕಾಣುತ್ತಾರೆ.

ನನ್ನ ಲೆನ್ಸು 50 ಎಂ.ಎಂ., ಎಫ್ 1.8. ಮುಖಕ್ಕೆ ಹೇಳಿ ಮಾಡಿಸಿದ್ದು, ಬೆಲೆಯೂ ಕಡಿಮೆ. ಆದರೆ ಹತ್ತಿರದಿಂದ 1.8ರಲ್ಲೇ ತೆಗೆದರೆ ಒಂದು ಕಣ್ಣು ಸ್ಪಷ್ಟ, ಇನ್ನೊಂದು ಮಂಜು. 2.8 ಅಥವಾ 4ಕ್ಕೆ ಇಟ್ಟು, ಕ್ಯಾಮೆರಾಕ್ಕೆ ಹತ್ತಿರದ ಕಣ್ಣಿನ ಮೇಲೆ ಫೋಕಸ್ ಮಾಡಬೇಕು. ಷಟರ್ 1/125 ಸೆಕೆಂಡಿಗಿಂತ ನಿಧಾನ ಬೇಡ, ವಯಸ್ಸಾದವರ ತಲೆ ಸಣ್ಣಗೆ ಅದುರುತ್ತಿರುತ್ತದೆ. ಕನ್ನಡಕದಲ್ಲಿ ಕಿಟಕಿ ಪ್ರತಿಫಲಿಸಿದರೆ ಅದರ ಕಡ್ಡಿಗಳನ್ನು ಕಿವಿಯ ಮೇಲೆ ಕೊಂಚ ಎತ್ತಿ ಕೂರಿಸಿ. ಗಾಜು ಕೆಳಮುಖವಾಗಿ ಬೆಳ್ಳಗಿನ ಮಚ್ಚೆ ಮಾಯ. ಕ್ಯಾಮೆರಾ ಇಲ್ಲದಿದ್ದರೆ ನಿಮ್ಮ ಫೋನೇ ಸಾಕು, ಆದರೆ ಮೂಗಿನ ಹತ್ತಿರ ಹಿಡಿಯಬೇಡಿ. ಅಗಲ ನೋಟದ ಲೆನ್ಸು ಮೂಗನ್ನು ಬದನೆಕಾಯಿ ಮಾಡುತ್ತದೆ. ಐದಾರು ಅಡಿ ಹಿಂದೆ ಸರಿದು 2ಎಕ್ಸ್ ಒತ್ತಿ. ಸುಕ್ಕು ಅಳಿಸುವ 'ಬ್ಯೂಟಿ' ಗುಂಡಿಯನ್ನು ದಯವಿಟ್ಟು ಮುಟ್ಟಬೇಡಿ. ಆ ಸುಕ್ಕುಗಳನ್ನು ಅವರು ಪುಕ್ಕಟೆಯಾಗಿ ಪಡೆದದ್ದಲ್ಲ.

ಇಷ್ಟೆಲ್ಲ ಹೊಂದಿಸಿದ ಮೇಲೆ ಅತ್ತೆಯವರು ಅಂದದ್ದು: "ಈಗ್ಯಾಕವಾ ಫೋಟೋ? ಹಾರ ಹಾಕಲಿಕ್ಕೆ ತಯಾರಿ ನಡಸೀಯೇನು?"

ಅವರ ಮಟ್ಟಿಗೆ ಒಬ್ಬರೇ ಇರುವ ಫೋಟೋ ಎಂದರೆ ಗೋಡೆಯದೇ. ಮಗ "ಅಜ್ಜಿ, ಸ್ಮೈಲ್!" ಅಂದ. ಅವರು ಹಲ್ಲಿನ ಡಾಕ್ಟರಿಗೆ ತೋರಿಸಿದ ಹಾಗೆ ತೋರಿಸಿದರು. ಒಂದಲ್ಲ, ಹತ್ತು ಸಲ. ಯಾವ ಲೆನ್ಸೂ ಇಲ್ಲಿ ಕೆಲಸಕ್ಕೆ ಬರುವುದಿಲ್ಲ.

ಕೊನೆಗೆ ಮಗಳನ್ನು ಅವರ ಪಕ್ಕ ಕೂಡಿಸಿ, ಅಜ್ಜಿ ಮದುವೆಯಾಗಿ ಧಾರವಾಡದಿಂದ ಮುಂಬಯಿಗೆ ಬಂದ ಕಥೆ ಕೇಳು ಅಂದೆ. ಆಗ ಆ ಕಡೆ ಮೀಟರ್ ಗೇಜ್, ಪುಣೆಯಲ್ಲಿ ಗಾಡಿ ಬದಲಿಸಬೇಕಿತ್ತು. ಮಗಳು ತನ್ನ ಹಿಂದಿ ಬೆರೆತ ಕನ್ನಡದಲ್ಲಿ ಕೇಳಿದಳು: "ಅಜ್ಜಿ, ಪುಣೆಗೆ ಗಾಡಿ ಎಷ್ಟು ಗಂಟೆಗೆ ಬಂದಳು?"

"ಗಾಡಿ ಬಂದಳು? ಸೀರಿ ಉಟಗೊಂಡು ಬಂದಳೇನ?" ಎಂದು ಅತ್ತೆಯವರು ಸೆರಗು ಬಾಯಿಗಿಟ್ಟು ನಕ್ಕರು ನೋಡಿ, ನನ್ನ ಬೆರಳು ಆಗ ಗುಂಡಿಯ ಮೇಲಿತ್ತು.

ಆದ್ದರಿಂದ ನಿಮ್ಮ ಕನ್ನಡ ಹರುಕುಮುರುಕು ಎಂದು ಹಿಂಜರಿಯಬೇಡಿ. ಅಜ್ಜಿಯಂದಿರ ಮುಖ ಮೊಮ್ಮಕ್ಕಳ ತಪ್ಪು ತಿದ್ದುವಾಗ ಅರಳುವಷ್ಟು ಇನ್ನೆಂದೂ ಅರಳುವುದಿಲ್ಲ. ಆದರೆ ಮಾತು ಅವರ ಭಾಷೆಯಲ್ಲೇ ಆಗಬೇಕು.

ಚಿತ್ರವನ್ನು ಪರದೆಯ ಮೇಲೆ ತೋರಿಸಿದಾಗ ಅತ್ತೆಯವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇದು ನಾ ಅಲ್ಲವಾ, ನಮ್ಮವ್ವ" ಅಂದರು. ಅವರ ತಾಯಿಯದು ಒಂದೂ ಫೋಟೋ ಇಲ್ಲ. ಆ ಮುಖ ಹೇಗಿತ್ತು ಎಂಬುದು ಈ ಲೋಕದಲ್ಲಿ ಅತ್ತೆಯವರೊಬ್ಬರಿಗೇ ಗೊತ್ತು.

ಫೋನು ಬದಲಾದಾಗ ಚಿತ್ರಗಳು ಎಲ್ಲಿ ಹೋಗುತ್ತವೋ ಹೇಳಲಾಗದು, ಅದಕ್ಕೇ ಪ್ರಿಂಟ್ ಹಾಕಿಸಿ. ಚೌಕಟ್ಟಿನ ಹಿಂದಿನ ರಟ್ಟಿನ ಮೇಲೆ ಹೆಸರು, ಹುಟ್ಟಿದೂರು, ತೆಗೆದ ದಿನ ಬರೆಸಿ, ಅವರ ಕೈಯಿಂದಲೇ. ಬರುವ ರಾಜ್ಯೋತ್ಸವಕ್ಕೆ ನಿಮ್ಮ ಪ್ರಿಂಟುಗಳನ್ನು ಸಂಘಕ್ಕೆ ತಂದರೆ ಸಭಾಗೃಹದ ಹೊರಗೋಡೆಯಲ್ಲಿ ಹಾಕೋಣ. ಷರತ್ತು ಒಂದೇ: ಅಜ್ಜ-ಅಜ್ಜಿಯರ ಒಪ್ಪಿಗೆ ಪಡೆದಿರಬೇಕು, ಕನ್ನಡದಲ್ಲಿ ಕೇಳಿ.