ಬಾಟಲಿಗಳಿಲ್ಲದ ಪ್ರವಾಸ

ಮೊನ್ನೆ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಈಗ ಅವನೂ ವಿಜ್ಞಾನ ಶಿಕ್ಷಕ. "ಸರ್, ಕಡಲಜೀವಿಗಳನ್ನು ತೋರಿಸಲು ಮಕ್ಕಳನ್ನು ಕಾರವಾರಕ್ಕೆ ಕರೆದೊಯ್ಯುತ್ತಿದ್ದೇನೆ. ಸಂಗ್ರಹಕ್ಕೆ ಬಾಟಲಿಗಳೆಷ್ಟು ಬೇಕಾದೀತು?" ಒಂದೂ ಬೇಡವೆಂದೆ. ಅವನಿಗೆ ಅಚ್ಚರಿ. ಬಾಟಲಿ ತುಂಬಿಸುವುದನ್ನು ಅವನಿಗೆ ಕಲಿಸಿದವನು ನಾನೇ ತಾನೆ!

1986ರಲ್ಲಿ ಧಾರವಾಡದ ಕಡೆಯಿಂದ ಅರಬೈಲು ಘಟ್ಟವಿಳಿದು ಎಂಟನೆಯ ತರಗತಿಯವರೊಡನೆ ಕಾರವಾರಕ್ಕೆ ಹೋಗಿದ್ದೆ. ಬಸ್ಸಿನ ವೇಳೆಯನ್ನು ವಿಚಾರಿಸಿದ್ದೆನೇ ಹೊರತು ಕಡಲಿನ ವೇಳೆಯನ್ನಲ್ಲ. ಅಂದು ಹುಣ್ಣಿಮೆಯ ಮರುದಿನ. ನಡುಹಗಲಿಗೆ ತಲುಪಿದಾಗ ಉಬ್ಬರದ ನೀರು ಬಂಡೆಗಳನ್ನು ಮುಚ್ಚಿತ್ತು. ಸಂಜೆ ನೀರು ಇಳಿದ ಮೇಲಷ್ಟೇ ಕುಳಿಗಳಲ್ಲಿ ಏಡಿಗಳೂ ಚಿಪ್ಪುಜೀವಿಗಳೂ ಕಂಡವು. ಕತ್ತಲಾಗುವ ಆತುರದಲ್ಲಿ ನೋಡಿದ್ದಕ್ಕಿಂತ ಆಯ್ದುಕೊಂಡದ್ದೇ ಹೆಚ್ಚು.

ಮರಳುವಾಗ ಘಟ್ಟದಲ್ಲಿ ಹುಡುಗಿಯೊಬ್ಬಳ ಊಟದ ಡಬ್ಬಿಯೊಳಗಿಂದ ಕೆರೆಯುವ ಸದ್ದು. ತೆರೆದರೆ, ಅವಳು ಆಯ್ದ ಶಂಖ ನಡೆಯುತ್ತಿತ್ತು! ಒಳಗಿದ್ದದ್ದು ಸನ್ಯಾಸಿ ಏಡಿ. ಅದರ ಹಿಂಭಾಗ ಮೃದು. ಸತ್ತ ಶಂಖಜೀವಿಯ ಖಾಲಿ ಚಿಪ್ಪೇ ಅದಕ್ಕೆ ಮನೆ. ಬೆಳೆದಂತೆಲ್ಲ ದೊಡ್ಡ ಚಿಪ್ಪನ್ನು ಹುಡುಕಿಕೊಳ್ಳಬೇಕು. "ವಾಪಸ್ ಬಿಟ್ಟು ಬರೋಣ ಸರ್" ಎಂದಳು. ವಿಜ್ಞಾನಕ್ಕಾಗಿ ಇದು ಅಗತ್ಯವೆಂದು ಸಮಾಧಾನಪಡಿಸಿದೆ. ಬೆಳಗಾಗುವಷ್ಟರಲ್ಲಿ ಅದು ಸತ್ತಿತ್ತು. ಫಾರ್ಮಲಿನ್‌ನಲ್ಲಿಟ್ಟು ಚೀಟಿ ಅಂಟಿಸಿದೆ. ನಾನು ನಿವೃತ್ತನಾಗುವವರೆಗೂ ಅದು ಪ್ರಯೋಗಾಲಯದ ಕಪಾಟಿನಲ್ಲಿತ್ತು.

ಆ ಏಡಿ ಹೇಗೆ ನಡೆಯುತ್ತದೆ, ಬೆದರಿದಾಗ ಹೇಗೆ ಒಳಸರಿಯುತ್ತದೆ ಎಂಬುದನ್ನು ಬಾಟಲಿ ಯಾವ ಮಗುವಿಗೂ ತೋರಿಸಲಿಲ್ಲ. ಜೀವಶಾಸ್ತ್ರವೆಂದರೆ ಬದುಕಿರುವುದರ ಅಧ್ಯಯನ. ನಾನು ಕಲಿಸಿದ್ದು ಶವಗಳ ಹೆಸರುಗಳನ್ನು. ಖಾಲಿ ಚಿಪ್ಪನ್ನು ತಂದರೂ ಯಾವುದೋ ಏಡಿಯ ಮುಂದಿನ ಮನೆಯನ್ನು ತಂದಂತೆಯೇ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಗೆ 2001ರಲ್ಲಿ ಹವಳಗಳೂ ಸಮುದ್ರಕುದುರೆಗಳೂ ಕೆಲವು ಶಂಖಜಾತಿಗಳೂ ಸೇರಿದವು. ಆದರೆ ಕಾನೂನಿನ ಭಯಕ್ಕಿಂತ ಕಣ್ಣಿನ ಶಿಕ್ಷಣ ಮೇಲು.

ಆದ್ದರಿಂದ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟು. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ನೀರು ಹೆಚ್ಚು ಹಿಂದೆ ಸರಿಯುತ್ತದೆ. ಇಳಿತದ ವೇಳೆ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅದನ್ನು ತಿಳಿದೇ ಬಸ್ಸು ಹೊರಡಿಸಿ. ಊರಿನ ಮೀನುಗಾರರೊಬ್ಬರನ್ನು ಅಂದಿನ ಗುರುಗಳನ್ನಾಗಿ ಮಾಡಿಕೊಳ್ಳಿ. ಮಕ್ಕಳ ಕೈಗೆ ಭೂತಗನ್ನಡಿ, ಪೆನ್ಸಿಲು, ನೋಟುಪುಸ್ತಕ ಕೊಡಿ. ಕಲ್ಲನ್ನು ಮಗುಚಿ ನೋಡಿದರೆ ಇದ್ದಂತೆಯೇ ಮರಳಿ ಇಡಿಸಿ. ಅದರಡಿಯ ಜೀವಗಳಿಗೆ ಬಿಸಿಲು ಮೃತ್ಯು.

ಆ ಹುಡುಗಿ ಇದನ್ನು ಓದುತ್ತಿದ್ದರೆ ಒಂದು ಮಾತು: ಅಂದು ನೀನು ಹೇಳಿದ್ದೇ ಸರಿ, ಮಗಳೇ. ಪಾಠ ಕಲಿಯಲು ನಿನ್ನ ಮೇಷ್ಟರಿಗೆ ತಡವಾಯಿತು.